ವೈದ್ಯಕೀಯ ಪದಗಳನ್ನು ಬಿಡಿಸಿ ಓದುವ ಬಗೆ: ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಿಗೊಂದು ಮಾರ್ಗದರ್ಶಿ

ಹಾಸನದಲ್ಲಿ ನರ್ಸಿಂಗ್, ಫಾರ್ಮಸಿ ಮತ್ತು ಪ್ಯಾರಾಮೆಡಿಕಲ್ ಕೋರ್ಸುಗಳಿಗೆ ಸೇರಲು ಅರಕಲಗೂಡು, ಆಲೂರು, ಬೇಲೂರು, ಸಕಲೇಶಪುರದ ಕಡೆಯಿಂದ ಬರುವವರಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರು ಅನೇಕರಿರುತ್ತಾರೆ. ಮೊದಲ ವರ್ಷದ ಪುಸ್ತಕಗಳನ್ನು ತೆರೆದಾಗ ಎದುರಾಗುವ ಥ್ರಾಂಬೊಸೈಟೊಪೀನಿಯಾ, ಕೋಲಿಸಿಸ್ಟೆಕ್ಟಮಿ, ಹೆಪಟೊಸ್ಪ್ಲೀನೊಮೆಗಲಿ ಮುಂತಾದ ಪದಗಳನ್ನು ಅವರು ಅರ್ಥ ತಿಳಿಯದೆಯೇ ಉರು ಹೊಡೆಯುತ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ಇಂಗ್ಲಿಷ್ ಬಲ್ಲ ಸಹಪಾಠಿಗಳಿಗೆ ಇವೆಲ್ಲ ಸುಲಭವೆಂದು ಭಾವಿಸಿ ಕುಗ್ಗುವವರೂ ಇದ್ದಾರೆ. ಆದರೆ ಈ ಪದಗಳ ತುಣುಕುಗಳು ಬಹುಪಾಲು ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳಿಂದ ಬಂದವಾದ್ದರಿಂದ ಮನೆಯಲ್ಲಿ ಇಂಗ್ಲಿಷ್ ಆಡುವವರಿಗೂ ಅಷ್ಟೇ ಅಪರಿಚಿತವಾಗಿರುತ್ತವೆ. ಸಂಸ್ಕೃತ ಮೂಲದ ಪದಗಳನ್ನು ದಿನವೂ ಬಳಸುವ ನಮಗೆ ಆ ತುಣುಕುಗಳಲ್ಲಿ ಹಲವು ಬೇರೆ ರೂಪದಲ್ಲಿ ಈಗಾಗಲೇ ಗೊತ್ತಿವೆ. ತರಗತಿಯಲ್ಲಿ ಈ ಮಾತನ್ನು ಹೇಳಿಕೊಡುವವರು ಅಪರೂಪ. ಅದಕ್ಕಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ಎರಡು ಭಾಷೆಗಳು ಏಕೆ ಬೆರೆತವು ಎಂಬುದನ್ನು ಮೊದಲು ಚುಟುಕಾಗಿ ತಿಳಿದುಕೊಂಡರೆ ಮುಂದಿನದು ಸಲೀಸಾಗುತ್ತದೆ. ಕ್ರಿಸ್ತಪೂರ್ವ 5ನೆಯ ಶತಮಾನದಲ್ಲಿ ಕಾಸ್ ದ್ವೀಪದ ಹಿಪೊಕ್ರೇಟಿಸ್ ಮತ್ತು ಅವನ ಪರಂಪರೆಯವರು ರೋಗಗಳ ಬಗ್ಗೆ ಗ್ರೀಕಿನಲ್ಲಿ ಬರೆದರು. ಕ್ರಿಸ್ತಶಕ 2ನೆಯ ಶತಮಾನದ ಗ್ಯಾಲೆನ್ ರೋಮ್ ನಗರದಲ್ಲಿ ವೈದ್ಯನಾಗಿದ್ದರೂ ಗ್ರೀಕಿನಲ್ಲಿಯೇ ಬರೆದನು. ಶತಮಾನಗಳ ನಂತರ ಯುರೋಪಿನಲ್ಲಿ ದೇಹವನ್ನು ಕೊಯ್ದು ನೋಡುವ ಅಧ್ಯಯನ ಬಲಗೊಂಡಾಗ ವಿದ್ವಾಂಸರ ಭಾಷೆ ಲ್ಯಾಟಿನ್ ಆಗಿತ್ತು. 1543ರಲ್ಲಿ ವೆಸೇಲಿಯಸ್ ಮಾನವ ದೇಹರಚನೆಯ ಬಗ್ಗೆ ಪ್ರಕಟಿಸಿದ ಮಹಾಗ್ರಂಥವೂ ಲ್ಯಾಟಿನ್‌ನಲ್ಲಿದೆ. ಹೀಗಾಗಿ ರೋಗ, ಲಕ್ಷಣ ಮತ್ತು ಶಸ್ತ್ರಚಿಕಿತ್ಸೆಗಳ ಹೆಸರುಗಳಲ್ಲಿ ಗ್ರೀಕ್ ಹೆಚ್ಚು, ಅಂಗಾಂಗಗಳ ಹೆಸರುಗಳಲ್ಲಿ ಲ್ಯಾಟಿನ್ ಹೆಚ್ಚು. ಅಪವಾದಗಳಿದ್ದರೂ ಈ ಒಂದು ಸೂತ್ರ ಬಹಳ ದೂರ ನಡೆಸುತ್ತದೆ.

ಮೊದಲ ಹೆಜ್ಜೆ: ಪದವನ್ನು ಕೊನೆಯಿಂದ ಓದಿ

ಉದ್ದನೆಯ ಪದ ಕಂಡಾಗ ಕಣ್ಣು ಸಹಜವಾಗಿ ಆರಂಭದತ್ತ ಹೋಗುತ್ತದೆ. ಅದನ್ನು ತಡೆದು ಮೊದಲು ಕೊನೆಯ ತುಣುಕನ್ನು ಹುಡುಕಬೇಕು, ಏಕೆಂದರೆ ಆ ಪದ ರೋಗವೋ, ಪರೀಕ್ಷೆಯೋ, ಶಸ್ತ್ರಚಿಕಿತ್ಸೆಯೋ ಎಂಬುದು ಅಲ್ಲಿಯೇ ಗೊತ್ತಾಗುತ್ತದೆ. ‘ಐಟಿಸ್’ ಎಂದು ಮುಗಿದರೆ ಉರಿಯೂತ. ‘ಆಲ್ಜಿಯಾ’ ಎಂದರೆ ನೋವು. ‘ಈಮಿಯಾ’ ಎಂದರೆ ರಕ್ತದ ಸ್ಥಿತಿ. ‘ಯೂರಿಯಾ’ ಎಂದರೆ ಮೂತ್ರಕ್ಕೆ ಸಂಬಂಧಿಸಿದ್ದು. ‘ಪೀನಿಯಾ’ ಎಂದರೆ ಕೊರತೆ. ‘ಮೆಗಲಿ’ ಎಂದರೆ ಹಿಗ್ಗಿರುವುದು. ‘ಸ್ಕೋಪಿ’ ಎಂದರೆ ಉಪಕರಣದ ಮೂಲಕ ನೋಡುವುದು. ಇಷ್ಟನ್ನು ಮನದಟ್ಟು ಮಾಡಿಕೊಂಡರೂ ಒಂದು ಡಿಸ್ಚಾರ್ಜ್ ಸಮ್ಮರಿಯ ಬಹುಪಾಲು ಪದಗಳ ಜಾತಿಯನ್ನು ಗುರುತಿಸಬಹುದು.

ಶಸ್ತ್ರಚಿಕಿತ್ಸೆಯ ಮೂರು ಪ್ರತ್ಯಯಗಳ ಬಳಿ ಸ್ವಲ್ಪ ನಿಲ್ಲಬೇಕು. ಗ್ರೀಕಿನಲ್ಲಿ ‘ಟೊಮೆ’ ಎಂದರೆ ಕೊಯ್ಯುವುದು, ‘ಎಕ್’ ಎಂದರೆ ಹೊರಕ್ಕೆ, ‘ಸ್ಟೋಮ’ ಎಂದರೆ ಬಾಯಿ. ಆದ್ದರಿಂದ ‘ಆಟಮಿ’ ಎಂದು ಮುಗಿದರೆ ಕೊಯ್ದು ತೆರೆದರು, ‘ಎಕ್ಟಮಿ’ ಎಂದು ಮುಗಿದರೆ ಕೊಯ್ದು ಹೊರತೆಗೆದರು, ‘ಆಸ್ಟಮಿ’ ಎಂದು ಮುಗಿದರೆ ಹೊಸದಾಗಿ ಒಂದು ಬಾಯಿಯನ್ನು ಮಾಡಿದರು ಎಂದರ್ಥ. ದೊಡ್ಡ ಕರುಳಿನ ವಿಷಯದಲ್ಲಿ ಕೊಲಾಟಮಿ, ಕೊಲೆಕ್ಟಮಿ, ಕೊಲಾಸ್ಟಮಿ ಎಂಬ ಮೂರೂ ಇವೆ. ಹೊಟ್ಟೆಯ ಮೇಲೆ ಚೀಲ ಕಟ್ಟಿಕೊಂಡು ವಾರ್ಡಿನಲ್ಲಿ ಮಲಗಿರುವ ರೋಗಿಗೆ ಆಗಿರುವುದು ಮೂರನೆಯದು. ಕಿವಿಗೆ ಸಣ್ಣದೆನಿಸುವ ಈ ವ್ಯತ್ಯಾಸ ಆ ರೋಗಿಯ ಮುಂದಿನ ಬದುಕನ್ನೇ ಬೇರೆ ಮಾಡುತ್ತದೆ.

ಎರಡು ಪ್ರತ್ಯಯಗಳ ಬಗ್ಗೆ ಎಚ್ಚರಿಕೆ ಅಗತ್ಯ. ‘ಐಟಿಸ್’ ಎಂದ ಕೂಡಲೇ ಸೋಂಕು ಎಂದು ತಿಳಿಯಬಾರದು. ಅದು ಉರಿಯೂತವನ್ನಷ್ಟೇ ಹೇಳುತ್ತದೆ, ಕಾರಣವನ್ನು ಹೇಳುವುದಿಲ್ಲ. ಉರಿಯೂತದ ನಾಲ್ಕು ಚಿಹ್ನೆಗಳಾದ ಕೆಂಪು, ಊತ, ಬಿಸಿ ಮತ್ತು ನೋವನ್ನು 1ನೆಯ ಶತಮಾನದ ರೋಮನ್ ಲೇಖಕ ಸೆಲ್ಸಸ್ ರೂಬೊರ್, ಟ್ಯೂಮೊರ್, ಕ್ಯಾಲೊರ್, ಡೋಲೊರ್ ಎಂದು ಲ್ಯಾಟಿನ್‌ನಲ್ಲಿ ದಾಖಲಿಸಿದ್ದಾನೆ, ಇಂದಿಗೂ ಅವನ್ನು ಹಾಗೆಯೇ ಕಲಿಸುತ್ತಾರೆ. ಹಾಗೆಯೇ ‘ಓಮಾ’ ಎಂಬುದು ಗಡ್ಡೆಯನ್ನು ಸೂಚಿಸುವುದು ಹೆಚ್ಚಾದರೂ ಅದೆಲ್ಲವೂ ಕ್ಯಾನ್ಸರ್ ಆಗಿರುವುದಿಲ್ಲ. ಹೆಮಟೋಮಾ ಎಂದರೆ ಪೆಟ್ಟಾದ ಕಡೆ ಹೆಪ್ಪುಗಟ್ಟಿ ನಿಂತ ರಕ್ತ, ಗ್ಲಾಕೋಮಾ ಕಣ್ಣಿನ ನರಕ್ಕೆ ಹಾನಿ ಮಾಡುವ ಕಾಯಿಲೆ. ವರದಿಯಲ್ಲಿ ‘ಓಮಾ’ ನೋಡಿ ಮನೆಯವರು ಕಣ್ಣೀರಿಡುವ ಮೊದಲು ಪಕ್ಕದಲ್ಲಿರುವ ದಾದಿಗೆ ಇದು ತಿಳಿದಿರಬೇಕು.

ಎರಡನೆಯ ಹೆಜ್ಜೆ: ಅಂಗವನ್ನು ಗುರುತಿಸಿ

ಕೊನೆಯನ್ನು ಬಿಡಿಸಿದ ಮೇಲೆ ಉಳಿಯುವುದು ಬಹುಮಟ್ಟಿಗೆ ಒಂದು ಅಂಗದ ಹೆಸರು. ಮೇಲೆ ಹೇಳಿದ ಕಾರಣದಿಂದ ಒಂದೇ ಅಂಗಕ್ಕೆ ಎರಡು ಹೆಸರುಗಳು ಸಿಗುತ್ತವೆ. ಮೂತ್ರಪಿಂಡ ಗ್ರೀಕಿನಲ್ಲಿ ‘ನೆಫ್ರೋಸ್’, ಲ್ಯಾಟಿನ್‌ನಲ್ಲಿ ‘ರೆನ್’. ಆದ್ದರಿಂದ ರೋಗ ನೆಫ್ರೈಟಿಸ್, ರಕ್ತನಾಳ ರೀನಲ್ ಆರ್ಟರಿ. ಶ್ವಾಸಕೋಶದ ಕಾಯಿಲೆ ನ್ಯುಮೋನಿಯಾ, ಅದರ ರಕ್ತನಾಳ ಪಲ್ಮನರಿ. ಚರ್ಮಕ್ಕೆ ಗ್ರೀಕಿನಲ್ಲಿ ‘ಡರ್ಮ’, ಲ್ಯಾಟಿನ್‌ನಲ್ಲಿ ‘ಕ್ಯೂಟಿಸ್’. ಚರ್ಮದ ಉರಿಯೂತ ಡರ್ಮಟೈಟಿಸ್ ಆದರೆ ಇನ್ಸುಲಿನ್ ಚುಚ್ಚುವುದು ಸಬ್‌ಕ್ಯುಟೇನಿಯಸ್, ಅಂದರೆ ಚರ್ಮದ ಅಡಿಗೆ. ಕಣ್ಣಿನ ವಿಭಾಗದ ಫಲಕದಲ್ಲಿ ಆಫ್ತಾಲ್ಮಾಲಜಿ ಎಂದಿರುತ್ತದೆ, ಕಣ್ಣಿನೊಳಗಿನ ಒತ್ತಡವನ್ನು ಮಾತ್ರ ಇಂಟ್ರಾಆಕ್ಯುಲರ್ ಎನ್ನುತ್ತಾರೆ. ಒಂದು ಅಂಗದ ಎರಡೂ ಹೆಸರುಗಳನ್ನು ಒಂದೇ ಸಾಲಿನಲ್ಲಿ ಬರೆದುಕೊಂಡು ಕಲಿಯುವುದು ಒಳ್ಳೆಯದು. ಬೇರೆಬೇರೆ ಪಾಠಗಳಲ್ಲಿ ಕಲಿತರೆ ಅವೆರಡೂ ಒಂದೇ ಎಂಬುದು ಕೊನೆಯವರೆಗೂ ಹೊಳೆಯದೆ ಹೋಗಬಹುದು.

ಎರಡು ಭಾಷೆಗಳನ್ನು ಒಂದೇ ಪದದಲ್ಲಿ ಬೆಸೆದಿರುವುದೂ ಉಂಟು. ಅಪೆಂಡಿಸೈಟಿಸ್ ಎಂಬ ಪದದಲ್ಲಿ ಅಂಗದ ಹೆಸರು ಲ್ಯಾಟಿನ್, ಪ್ರತ್ಯಯ ಗ್ರೀಕ್. 1886ರಲ್ಲಿ ಅಮೆರಿಕದ ರೆಜಿನಾಲ್ಡ್ ಫಿಟ್ಜ್ ಇದನ್ನು ಬಳಕೆಗೆ ತಂದರು. ಹೈಪರ್‌ಟೆನ್ಷನ್ ಕೂಡ ಇಂಥದೇ ಬೆರಕೆ.

ತುಣುಕುಗಳು ಕೂಡುವಾಗ ನಡುವೆ ಬರುವ ‘ಒ’ ಸ್ವರ ಹಲವರನ್ನು ಗೊಂದಲಕ್ಕೆ ತಳ್ಳುತ್ತದೆ. ಗ್ಯಾಸ್ಟ್ರೊಸ್ಕೋಪಿಯಲ್ಲಿ ‘ಒ’ ಇದೆ, ಗ್ಯಾಸ್ಟ್ರೈಟಿಸ್‌ನಲ್ಲಿ ಇಲ್ಲ. ಇದು ನಮ್ಮ ಲೋಪಸಂಧಿಯ ಹಾಗೆಯೇ ನಡೆಯುತ್ತದೆ: ‘ಊರು’ ಮತ್ತು ‘ಅಲ್ಲಿ’ ಸೇರಿದಾಗ ಉಕಾರ ಬಿದ್ದು ‘ಊರಲ್ಲಿ’ ಆಗುವಂತೆ, ಮುಂದಿನ ತುಣುಕು ಸ್ವರದಿಂದ ಶುರುವಾದರೆ ನಡುವಿನ ‘ಒ’ ಸಾಮಾನ್ಯವಾಗಿ ಬಿದ್ದುಹೋಗುತ್ತದೆ, ವ್ಯಂಜನದಿಂದ ಶುರುವಾದರೆ ಉಳಿಯುತ್ತದೆ.

ಇಲ್ಲಿಯೇ ನಮ್ಮ ಆಡುಮಾತಿನ ಎರಡು ಬಳಕೆಗಳನ್ನು ಗಮನಿಸಬೇಕು. ಹಾಸನದ ಯಾವ ಔಷಧ ಅಂಗಡಿಯ ಮುಂದೆ ನಿಂತರೂ ‘ಗ್ಯಾಸ್ಟ್ರಿಕ್ ಆಗಿದೆ, ಮಾತ್ರೆ ಕೊಡಿ’ ಎಂಬ ಮಾತು ಕೇಳುತ್ತದೆ. ‘ಗ್ಯಾಸ್ಟರ್’ ಎಂದರೆ ಹೊಟ್ಟೆ, ‘ಗ್ಯಾಸ್ಟ್ರಿಕ್’ ಎಂದರೆ ಹೊಟ್ಟೆಗೆ ಸಂಬಂಧಿಸಿದ್ದು, ಅಷ್ಟೇ. ಅದು ಯಾವ ರೋಗದ ಹೆಸರೂ ಅಲ್ಲ. ‘ಅವರಿಗೆ ಥೈರಾಯ್ಡ್ ಇದೆ’ ಎನ್ನುವುದೂ ಹಾಗೆಯೇ. ಗುರಾಣಿ ಎಂಬ ಅರ್ಥದ ಗ್ರೀಕ್ ಪದದಿಂದ ಹೆಸರು ಪಡೆದ ಆ ಗ್ರಂಥಿ ಎಲ್ಲರ ಕುತ್ತಿಗೆಯಲ್ಲೂ ಇದೆ, ಅದು ಹೆಚ್ಚು ಕೆಲಸ ಮಾಡುತ್ತಿದೆಯೋ ಕಡಿಮೆಯೋ ಎಂಬುದು ಮುಖ್ಯ. ಜನರ ಮಾತನ್ನು ತಿದ್ದುವ ಅಗತ್ಯವಿಲ್ಲ. ಆದರೆ ರೋಗಿಯ ಚರಿತ್ರೆ ಬರೆದುಕೊಳ್ಳುವವರು ಅಲ್ಲಿಗೇ ನಿಲ್ಲದೆ ಮುಂದಿನ ಪ್ರಶ್ನೆಯನ್ನು ಕೇಳಬೇಕು.

ಮೂರನೆಯ ಹೆಜ್ಜೆ: ಪದದ ಆರಂಭಕ್ಕೆ ಬನ್ನಿ

ಈ ಹೆಜ್ಜೆಯಲ್ಲಿ ಕನ್ನಡದ ವಿದ್ಯಾರ್ಥಿ ಇತರರಿಗಿಂತ ಮುಂದಿದ್ದಾನೆ ಎಂದು ನಾನು ದೃಢವಾಗಿ ನಂಬಿದ್ದೇನೆ. ಸಂಸ್ಕೃತ, ಗ್ರೀಕ್ ಮತ್ತು ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕೆಂದು 1786ರಲ್ಲಿ ಕಲ್ಕತ್ತೆಯಲ್ಲಿ ಬ್ರಿಟಿಷ್ ವಿದ್ವಾಂಸ ವಿಲಿಯಂ ಜೋನ್ಸ್ ಹೇಳಿದ್ದು ಭಾಷಾಶಾಸ್ತ್ರದಲ್ಲಿ ಪ್ರಸಿದ್ಧವಾದ ಸಂಗತಿ. ಕನ್ನಡ ದ್ರಾವಿಡ ಭಾಷೆಯಾದರೂ ಸಂಸ್ಕೃತದ ಉಪಸರ್ಗಗಳನ್ನು ನಾವು ಶಾಲೆಯ ವ್ಯಾಕರಣದಲ್ಲೇ ಕಲಿತಿರುತ್ತೇವೆ, ಆ ಉಪಸರ್ಗಗಳ ಸೋದರ ರೂಪಗಳೇ ವೈದ್ಯಕೀಯ ಪದಗಳ ತಲೆಯ ಮೇಲೆ ಕುಳಿತಿವೆ.

ಗ್ರೀಕಿನ ‘ಹೈಪರ್’ ಮತ್ತು ನಮ್ಮ ‘ಉಪರಿ’ ಒಂದೇ ಮೂಲದವು; ಎರಡಕ್ಕೂ ಮೇಲೆ ಎಂಬ ಅರ್ಥವಿದೆ. ‘ಹೈಪೋ’ ನಮ್ಮ ‘ಉಪ’, ಉಪಾಧ್ಯಕ್ಷ ಎಂಬಲ್ಲಿ ಇರುವಂತೆ ಕೆಳಗಿನದು. ‘ಪೆರಿ’ ನಮ್ಮ ‘ಪರಿ’. ಪರಿಧಿ, ಪರಿಸರ ಎಂಬಲ್ಲಿ ಸುತ್ತಲೂ ಎಂಬ ಅರ್ಥವಿರುವಂತೆಯೇ ಪೆರಿಕಾರ್ಡಿಯಮ್ ಹೃದಯದ ಸುತ್ತಲಿನ ಪೊರೆ. ‘ಡಿಸ್’ ನಮ್ಮ ‘ದುಸ್’. ದುಸ್ಸಾಧ್ಯ, ದುರ್ಬಲ ಎಂಬಲ್ಲಿನ ಕಷ್ಟ ಮತ್ತು ಕೆಡುಕಿನ ಅರ್ಥ ಡಿಸ್ಪ್ನಿಯಾದಲ್ಲಿ ಉಸಿರಾಟದ ಕಷ್ಟವಾಗಿ, ಡಿಸ್ಯೂರಿಯಾದಲ್ಲಿ ಉರಿಮೂತ್ರವಾಗಿ ಕಾಣಿಸುತ್ತದೆ. ಲ್ಯಾಟಿನ್‌ನ ‘ಇಂಟರ್’ ನಮ್ಮ ‘ಅಂತರ್’. ಗ್ರೀಕಿನ ‘ಮೆಗಾಸ್’ ನಮ್ಮ ‘ಮಹಾ’, ಆದ್ದರಿಂದಲೇ ‘ಮೆಗಲಿ’ ಎಂದರೆ ಹಿಗ್ಗುವುದು.

ಎಲ್ಲಕ್ಕಿಂತ ಸೊಗಸಾದದ್ದು ನಿಷೇಧದ ‘ಅ’. ಸಂಸ್ಕೃತದಲ್ಲಿ ವ್ಯಂಜನದ ಮುಂದೆ ‘ಅ’ ಬಂದು ‘ಅಶಕ್ತ’ ಆಗುತ್ತದೆ, ಸ್ವರದ ಮುಂದೆ ಅದೇ ‘ಅನ್’ ಆಗಿ ‘ಅನಾರೋಗ್ಯ’ ಆಗುತ್ತದೆ. ಗ್ರೀಕಿನ ನಿಯಮವೂ ತದ್ವತ್ ಇದೇ. ಉಸಿರು ಎಂಬ ಪದದ ಮುಂದೆ ‘ಅ’ ಸೇರಿ ಆಪ್ನಿಯಾ, ಅಂದರೆ ಉಸಿರು ನಿಲ್ಲುವುದು. ಮೂತ್ರದ ಮುಂದೆ ‘ಅನ್’ ಸೇರಿ ಅನೂರಿಯಾ. ಸಂವೇದನೆಯ ಮುಂದೆ ಸೇರಿ ಅನಸ್ತೇಷಿಯಾ. ಈಥರ್ ಕೊಟ್ಟು ಶಸ್ತ್ರಚಿಕಿತ್ಸೆ ಮಾಡುವುದು ಆರಂಭವಾದ 1846ರಲ್ಲಿ ಆ ಸ್ಥಿತಿಗೆ ಅನಸ್ತೇಷಿಯಾ ಎಂಬ ಹೆಸರನ್ನು ಸೂಚಿಸಿದವರು ಅಮೆರಿಕದ ವೈದ್ಯ ಆಲಿವರ್ ವೆಂಡೆಲ್ ಹೋಮ್ಸ್. ರಕ್ತಹೀನತೆಗೆ ಅನೀಮಿಯಾ ಎನ್ನುವಾಗಲೂ ‘ಅನ್’ ಮತ್ತು ರಕ್ತವೆಂಬ ಅರ್ಥದ ‘ಹೈಮ’ ಸೇರಿವೆ, ಹಕಾರ ಮಾತ್ರ ಉದುರಿದೆ.

ಅಂಗಗಳ ಹೆಸರುಗಳಲ್ಲೂ ಈ ಬಂಧುತ್ವ ಕಾಣುತ್ತದೆ. ದಂತ ಮತ್ತು ಡೆಂಟಲ್, ನಾಸಿಕ ಮತ್ತು ನೇಸಲ್ ಎಲ್ಲರಿಗೂ ಹೊಳೆಯುವಂಥವು. ಅಸ್ಥಿ ಮತ್ತು ಆಸ್ಟಿಯೋನ್, ನಾಭಿ ಮತ್ತು ಆಂಫಲೋಸ್, ಜಾನು ಮತ್ತು ಲ್ಯಾಟಿನ್‌ನ ಗೆನು, ಯಕೃತ್ ಮತ್ತು ಹೆಪಾರ್ ಸ್ವಲ್ಪ ಯೋಚಿಸಿದರೆ ಒಪ್ಪುವಂಥವು. ಕಣ್ಣಿನ ರೆಪ್ಪೆ ಜೋತುಬೀಳುವುದಕ್ಕೆ ಟೋಸಿಸ್ ಎನ್ನುತ್ತಾರೆ. ಬೀಳುವುದೆಂಬ ಅರ್ಥದ ಆ ಪದ ನಮ್ಮ ‘ಪತನ’ದ ಬಂಧು. ಮಾಂಸಖಂಡಕ್ಕೆ ಗ್ರೀಕರು ‘ಮೂಸ್’ ಎಂದರು, ರೋಮನ್ನರು ‘ಮಸ್ಕ್ಯುಲಸ್’ ಎಂದರು, ಮೊದಲನೆಯದರ ಅರ್ಥ ಇಲಿ, ಎರಡನೆಯದರ ಅರ್ಥ ಪುಟ್ಟ ಇಲಿ. ನಮ್ಮ ಮೂಷಕವೂ ಅದೇ ಕುಲದ್ದು. ಚರ್ಮದಡಿಯಲ್ಲಿ ಅಲುಗುವ ಮಾಂಸದಲ್ಲಿ ಅವರಿಗೆ ಇಲಿ ಕಂಡಿದ್ದರೆ ಕಾಲಿನ ಹಿಂಭಾಗದ ಮಾಂಸಕ್ಕೆ ಮೀನಖಂಡವೆಂದ ನಮ್ಮ ಹಿರಿಯರಿಗೆ ಮೀನು ಕಂಡಿದೆ.

ಸಂಸ್ಕೃತದ ನೆರವು ಸುಲಭವಾಗಿ ಸಿಗದ ತುಣುಕುಗಳನ್ನು ಹಾಗೆಯೇ ಕಲಿಯಬೇಕು. ಟ್ಯಾಕಿ ಎಂದರೆ ವೇಗ, ಬ್ರಾಡಿ ಎಂದರೆ ನಿಧಾನ, ಆಲಿಗೊ ಎಂದರೆ ಅಲ್ಪ. ಬಣ್ಣಗಳಲ್ಲಿ ಲ್ಯೂಕೊ ಬಿಳಿ, ಎರಿತ್ರೊ ಕೆಂಪು, ಸಯನೊ ನೀಲಿ, ಮೆಲನೊ ಕಪ್ಪು.

ನಾಲ್ಕನೆಯ ಹೆಜ್ಜೆ: ನಿಮ್ಮ ಊರಿನ ಕಾಯಿಲೆಗಳ ಮೇಲೆ ಪ್ರಯೋಗಿಸಿ

ಈಗ ಮೊದಲು ಹೆದರಿಸಿದ ಪದಗಳಿಗೆ ಮರಳಬಹುದು. ಡೆಂಗಿ ಹರಡುವ ದಿನಗಳಲ್ಲಿ ಕೇಳಿಬರುವ ಥ್ರಾಂಬೊಸೈಟೊಪೀನಿಯಾದಲ್ಲಿ ಕೊನೆಯ ‘ಪೀನಿಯಾ’ ಕೊರತೆ, ನಡುವಿನ ‘ಸೈಟೊ’ ಕೋಶ, ಆರಂಭದ ‘ಥ್ರಾಂಬೊ’ ಹೆಪ್ಪು. ಹೆಪ್ಪುಗಟ್ಟಿಸುವ ಕೋಶಗಳ, ಅಂದರೆ ಪ್ಲೇಟ್ಲೆಟ್‌ಗಳ ಕೊರತೆ. ಹೆಪಟೊಸ್ಪ್ಲೀನೊಮೆಗಲಿ ಎಂದರೆ ಯಕೃತ್ತು ಮತ್ತು ಗುಲ್ಮ ಎರಡೂ ಹಿಗ್ಗಿರುವುದು. ಕೋಲಿಸಿಸ್ಟೆಕ್ಟಮಿಯಲ್ಲಿ ‘ಕೋಲಿ’ ಪಿತ್ತ, ‘ಸಿಸ್ಟ್’ ಚೀಲ, ‘ಎಕ್ಟಮಿ’ ಕೊಯ್ದು ತೆಗೆಯುವುದು. ಗದ್ದೆಯ ಕೆಸರಿನಲ್ಲಿ ದುಡಿಯುವವರಿಗೆ ತಗಲುವ ಇಲಿಜ್ವರದ ವೈದ್ಯಕೀಯ ಹೆಸರು ಲೆಪ್ಟೊಸ್ಪೈರೋಸಿಸ್. ‘ಲೆಪ್ಟೊ’ ಎಂದರೆ ತೆಳ್ಳನೆಯ, ‘ಸ್ಪೈರ’ ಎಂದರೆ ಸುರುಳಿ, ‘ಓಸಿಸ್’ ಎಂದರೆ ರೋಗಸ್ಥಿತಿ. ಸೂಕ್ಷ್ಮದರ್ಶಕದಲ್ಲಿ ರೋಗಾಣು ಹೇಗೆ ಕಾಣುತ್ತದೆಂಬುದು ಹೆಸರಿನಲ್ಲಿಯೇ ಇದೆ.

ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಹಾವು ಕಚ್ಚಿಸಿಕೊಂಡು ಬರುವವರ ಕೇಸ್ ಶೀಟಿನಲ್ಲಿ ಹೀಮೊಟಾಕ್ಸಿಕ್, ನ್ಯೂರೊಟಾಕ್ಸಿಕ್ ಎಂಬ ಎರಡು ಪದಗಳನ್ನು ಕಾಣುತ್ತೀರಿ. ‘ಟಾಕ್ಸೋನ್’ ಎಂದರೆ ಗ್ರೀಕಿನಲ್ಲಿ ಬಿಲ್ಲು. ಬಾಣದ ತುದಿಗೆ ಹಚ್ಚುವ ವಿಷದಿಂದಾಗಿ ವಿಷಕ್ಕೇ ಆ ಹೆಸರು ನಿಂತಿತು. ಕೊಳಕುಮಂಡಲದ ವಿಷ ಮುಖ್ಯವಾಗಿ ರಕ್ತವನ್ನು ಕೆಡಿಸುತ್ತದೆ, ಆದ್ದರಿಂದ ಮೂತ್ರದಲ್ಲಿ ರಕ್ತ, ಅಂದರೆ ಹೆಮಟೂರಿಯಾ ಕಾಣಬಹುದು. ನಾಗರಹಾವು ಮತ್ತು ಕಟ್ಟುಹಾವಿನ ವಿಷ ನರಗಳ ಮೇಲೆ ಕೆಲಸ ಮಾಡುತ್ತದೆ, ಆದ್ದರಿಂದ ಟೋಸಿಸ್ ಕಾಣುತ್ತದೆ. ಪದವನ್ನು ಬಿಡಿಸಲು ಬಂದರೆ ರಾತ್ರಿ ಪಾಳಿಯಲ್ಲಿ ಯಾವ ಲಕ್ಷಣಕ್ಕಾಗಿ ಕಣ್ಣಿಡಬೇಕೆಂಬುದೂ ನೆನಪಿನಲ್ಲಿ ಉಳಿಯುತ್ತದೆ.

ಐದನೆಯ ಹೆಜ್ಜೆ: ಹೋಲುವ ಪದಗಳನ್ನು ಜೋಡಿಯಾಗಿ ಕಲಿಯಿರಿ

ಹೈಪರ್ ಮತ್ತು ಹೈಪೋ ಗದ್ದಲದ ವಾರ್ಡಿನಲ್ಲಿ ಒಂದೇ ರೀತಿ ಕೇಳುತ್ತವೆ. ಹೈಪರ್‌ಗ್ಲೈಸೀಮಿಯಾ ಇರುವವರಿಗೆ ಇನ್ಸುಲಿನ್ ಬೇಕಾಗಬಹುದು, ಹೈಪೋಗ್ಲೈಸೀಮಿಯಾ ಇರುವವರಿಗೆ ಅದನ್ನು ಕೊಟ್ಟರೆ ಪ್ರಾಣಕ್ಕೇ ಅಪಾಯ. ಫೋನಿನಲ್ಲಿ ಕೇಳಿಸಿಕೊಂಡಾಗ ‘ಸಕ್ಕರೆ ಜಾಸ್ತಿಯೋ ಕಡಿಮೆಯೋ’ ಎಂದು ಕನ್ನಡದಲ್ಲೇ ಮರುಪ್ರಶ್ನೆ ಹಾಕಿ, ಅಂಕಿಯನ್ನು ಹೇಳಿಸಿಕೊಳ್ಳಿ. ಡಿಸ್‌ಫೇಜಿಯಾ ಎಂದರೆ ನುಂಗಲು ಕಷ್ಟ, ಡಿಸ್‌ಫೇಸಿಯಾ ಎಂದರೆ ಮಾತಿನ ತೊಂದರೆ. ಮಯೋ ಎಂದರೆ ಮಾಂಸಖಂಡ, ಮಯಲೋ ಎಂದರೆ ಮಜ್ಜೆ. ಈ ಎರಡನೆಯದು ಮೂಳೆಯ ಮಜ್ಜೆಗೂ ಬೆನ್ನುಹುರಿಗೂ ಬಳಕೆಯಾಗುತ್ತದೆ. ಪೋಲಿಯೊಮಯಲೈಟಿಸ್‌ನಲ್ಲಿ ‘ಪೋಲಿಯೊ’ ಎಂದರೆ ಬೂದು ಬಣ್ಣ, ಬೆನ್ನುಹುರಿಯ ಬೂದು ಭಾಗದ ಉರಿಯೂತವೇ ಆ ರೋಗ. ಇಲಿಯಮ್ ಎಂಬ ಹೆಸರು ಸಣ್ಣ ಕರುಳಿನ ಕೊನೆಯ ಭಾಗಕ್ಕೂ ಸೊಂಟದ ಮೂಳೆಗೂ ಇದೆ. ಇಂಗ್ಲಿಷ್ ಕಾಗುಣಿತದ ನಡುವೆ ಇ (e) ಅಕ್ಷರವಿದ್ದರೆ ಕರುಳು, ಐ (i) ಅಕ್ಷರವಿದ್ದರೆ ಮೂಳೆ. ಪೀಡಿಯಾಟ್ರಿಕ್ಸ್‌ನ ತುಣುಕು ಗ್ರೀಕಿನ ಮಗು, ಕಾಲೂತಕ್ಕೆ ಹೇಳುವ ಪೆಡಲ್ ಎಡಿಮಾದ ತುಣುಕು ಲ್ಯಾಟಿನ್‌ನ ಪಾದ. ಮೂಳೆ ವಿಭಾಗದ ಆರ್ಥೊಪೀಡಿಕ್ಸ್‌ನಲ್ಲಿಯೂ ಇರುವುದು ಮಗುವೇ: ಮಕ್ಕಳ ಅಂಗದೋಷಗಳನ್ನು ನೇರಗೊಳಿಸುವ ವಿದ್ಯೆ ಎಂಬ ಅರ್ಥದಲ್ಲಿ 1741ರಲ್ಲಿ ಫ್ರಾನ್ಸಿನ ನಿಕೊಲಾ ಆಂದ್ರಿ ಆ ಪದವನ್ನು ಕಟ್ಟಿದರು.

ಆರನೆಯ ಹೆಜ್ಜೆ: ಔಷಧ ಚೀಟಿಯ ಲ್ಯಾಟಿನ್

ಚೀಟಿಯ ತಲೆಯಲ್ಲಿರುವ ಆರ್‌ಎಕ್ಸ್ ಗುರುತು ‘ತೆಗೆದುಕೊ’ ಎಂಬ ಅರ್ಥದ ಲ್ಯಾಟಿನ್ ಪದ ‘ರೆಸಿಪೆ’ಯದು, ಔಷಧ ತಯಾರಿಸುವವನಿಗೆ ವೈದ್ಯ ಕೊಡುತ್ತಿದ್ದ ಆದೇಶ. ಬಿಡಿ ಎಂದರೆ ‘ಬಿಸ್ ಇನ್ ಡಿಯೆ’, ದಿನಕ್ಕೆ ಎರಡು ಬಾರಿ. ಟಿಡಿಎಸ್ ಎಂಬಲ್ಲಿನ ‘ಟೆರ್’ ಮೂರು ಬಾರಿ. ಕ್ಯೂಐಡಿಯ ‘ಕ್ವಾಟೆರ್’ ನಾಲ್ಕು ಬಾರಿ. ದ್ವಿ, ತ್ರಿ, ಚತುರ್ ಎಂಬುದನ್ನು ನೆನೆದರೆ ಇವು ತಪ್ಪುವುದಿಲ್ಲ. ಎಸಿ ಎಂದರೆ ಊಟಕ್ಕೆ ಮೊದಲು, ಪಿಸಿ ಎಂದರೆ ಊಟದ ನಂತರ, ಎಚ್‌ಎಸ್ ಎಂದರೆ ಮಲಗುವ ಹೊತ್ತಿಗೆ, ಸ್ಟಾಟ್ ಎಂದರೆ ತಕ್ಷಣ. ಎಸ್‌ಒಎಸ್ ಎಂಬುದನ್ನು ತುರ್ತು ಕರೆಯೆಂದು ತಿಳಿಯುವವರು ಬಹಳ. ಅದು ‘ಸಿ ಓಪುಸ್ ಸಿಟ್’, ಅಂದರೆ ಅಗತ್ಯಬಿದ್ದರೆ ಮಾತ್ರ.

ಒಡಿ ಎಂಬ ಎರಡಕ್ಷರ ಅಪಾಯಕಾರಿ. ನಮ್ಮ ಚೀಟಿಗಳಲ್ಲಿ ಅದು ದಿನಕ್ಕೊಮ್ಮೆ ಎಂದಾಗುತ್ತದೆ, ಕಣ್ಣಿನ ವಿಭಾಗದಲ್ಲಿ ‘ಆಕ್ಯುಲಸ್ ಡೆಕ್ಸ್ಟರ್’, ಅಂದರೆ ಬಲಗಣ್ಣು. ಎಡಗಣ್ಣಿಗೆ ಒಎಸ್, ಎರಡೂ ಕಣ್ಣುಗಳಿಗೆ ಒಯು. ಕಣ್ಣಿನ ಹನಿಯ ಚೀಟಿಯಲ್ಲಿ ಒಡಿ ಕಂಡರೆ ಊಹಿಸದೆ ಬರೆದವರನ್ನೇ ಕೇಳಬೇಕು. ರೋಗಿಗೆ ಔಷಧ ಕೊಡುವಾಗ ಇವುಗಳಲ್ಲಿ ಒಂದನ್ನೂ ಬಾಯಲ್ಲಿ ಆಡದೆ, ‘ಅಜ್ಜಿ, ಇದನ್ನು ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟ ಆದ ಮೇಲೆ ತಗೊಳ್ಳಿ’ ಎಂದು ಹೇಳಿ, ಕವರಿನ ಮೇಲೆ ಕನ್ನಡದಲ್ಲಿ ಬರೆದುಕೊಡಿ.

ಮೂಲ ದಾರಿ ತಪ್ಪಿಸುವ ಸಂದರ್ಭಗಳು

ಪದದ ಮೂಲ ಹಳೆಯ ಕಾಲದ ತಿಳಿವಳಿಕೆಯನ್ನು ಹೇಳುತ್ತದೆ, ಇಂದಿನ ವಿಜ್ಞಾನವನ್ನೇ ಹೇಳಬೇಕೆಂದಿಲ್ಲ. ಶವಗಳಲ್ಲಿ ಅಪಧಮನಿಗಳು ಖಾಲಿ ಕಂಡಿದ್ದರಿಂದ ಅವು ಗಾಳಿಯನ್ನು ಒಯ್ಯುತ್ತವೆಂದು ಪ್ರಾಚೀನ ಗ್ರೀಕರು ನಂಬಿದ್ದರು, ಶ್ವಾಸನಾಳಕ್ಕೂ ಅಪಧಮನಿಗೂ ಆರ್ಟೀರಿಯ ಎಂಬ ಹೆಸರನ್ನೇ ಬಳಸಿದ್ದರು. ಅವುಗಳಲ್ಲಿ ರಕ್ತವಿದೆಯೆಂದು ಗ್ಯಾಲೆನ್ ತೋರಿಸಿದ ಮೇಲೂ ಹೆಸರು ಉಳಿಯಿತು. ಮಲೇರಿಯಾ ಎಂಬುದು ಕೆಟ್ಟ ಗಾಳಿ ಎಂಬ ಅರ್ಥದ ಇಟಾಲಿಯನ್ ಮಾತು. ಆ ರೋಗದ ಪರಾವಲಂಬಿಯನ್ನು ಸೊಳ್ಳೆಯಲ್ಲಿ ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ಕಂಡದ್ದು 1897ರಲ್ಲಿ ಸಿಕಂದರಾಬಾದಿನಲ್ಲಿ. ಇನ್ನು ಕೆಲವು ಹೆಸರುಗಳು ನಮ್ಮ ವೈದ್ಯಪದ್ಧತಿಯ ಹೆಸರಿಗೆ ಆಶ್ಚರ್ಯಕರವಾಗಿ ಹೊಂದುತ್ತವೆ: ಡಯಾಬಿಟಿಸ್ ಎಂದರೆ ಗ್ರೀಕಿನಲ್ಲಿ ಹಾದು ಹರಿಯುವುದು, ಮೆಲ್ಲಿಟಸ್ ಎಂದರೆ ಲ್ಯಾಟಿನ್‌ನಲ್ಲಿ ಜೇನಿನಂತೆ ಸಿಹಿಯಾದದ್ದು, ಆಯುರ್ವೇದದಲ್ಲಿ ಅದು ಮಧುಮೇಹ.

ಅಭ್ಯಾಸಕ್ಕಾಗಿ ಒಂದು ನೋಟ್‌ಬುಕ್ಕನ್ನು ಇಟ್ಟುಕೊಂಡು ಪುಟವನ್ನು ಆರಂಭ, ಅಂಗ, ಕೊನೆ ಎಂದು ಮೂರು ಪಾಲು ಮಾಡಿ. ಆ ದಿನ ತರಗತಿಯಲ್ಲೋ ವಾರ್ಡಿನಲ್ಲೋ ಎದುರಾದ ಪದಗಳನ್ನು ಬಿಡಿಸಿ ತುಂಬಿಸಿ, ಅರ್ಥವನ್ನು ನಿಮ್ಮ ಕನ್ನಡದಲ್ಲಿ ಬರೆದ ಮೇಲೆಯೇ ನಿಘಂಟನ್ನು ತೆರೆದು ತಾಳೆ ನೋಡಿ. ವರದಿಗಳಿಂದ ಪದ ಎತ್ತಿಕೊಳ್ಳುವಾಗ ರೋಗಿಯ ಹೆಸರನ್ನು ಎಲ್ಲಿಯೂ ಬರೆದುಕೊಳ್ಳಬೇಡಿ.

ವ್ಯಕ್ತಿಗಳ ಮತ್ತು ಊರುಗಳ ಹೆಸರುಳ್ಳ ಕಾಯಿಲೆಗಳಿಗೆ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬೇರೆ ಪುಟ ಬೇಕಾಗುತ್ತದೆ, ಏಕೆಂದರೆ ಅವುಗಳನ್ನು ಎಷ್ಟು ಬಿಡಿಸಿದರೂ ಲಕ್ಷಣ ಸಿಗುವುದಿಲ್ಲ. ಪಾರ್ಕಿನ್ಸನ್, ಆಲ್ಝೈಮರ್, ಹ್ಯಾನ್ಸನ್ ಮನುಷ್ಯರ ಹೆಸರುಗಳು. ಕೊಪ್ಪ, ನರಸಿಂಹರಾಜಪುರದ ಕಡೆ ಬೇಸಿಗೆಯಲ್ಲಿ ಭೀತಿ ಹುಟ್ಟಿಸುವ ಮಂಗನ ಕಾಯಿಲೆಗೆ ಪಠ್ಯಪುಸ್ತಕದಲ್ಲಿ ಇರುವ ಹೆಸರು ಕ್ಯಾಸನೂರು ಫಾರೆಸ್ಟ್ ಡಿಸೀಸ್. 1957ರಲ್ಲಿ ಅದನ್ನು ಮೊದಲು ಗುರುತಿಸಿದ ಶಿವಮೊಗ್ಗ ಜಿಲ್ಲೆಯ ಕಾಡಿನ ಹೆಸರು ಅದಕ್ಕೆ ನಿಂತಿದೆ. ಇಂಥ ಪದಗಳ ಮುಂದೆ ಕಾರಣ, ಹರಡುವ ಬಗೆ ಮತ್ತು ಮುಖ್ಯ ಲಕ್ಷಣಗಳನ್ನು ಒಂದೊಂದು ಸಾಲಿನಲ್ಲಿ ಬರೆದಿಟ್ಟುಕೊಂಡೇ ಕಲಿಯಬೇಕು.